ಆಮದು ಕಂಪನಿಯ ವಿಳಾಸ ಎಲ್ಲಿರಬೇಕು: ದಾವಣಗೆರೆಯೋ, ಚಿತ್ರದುರ್ಗವೋ, ಬೆಂಗಳೂರೋ?

ತೋಟದ ಟೂಲ್ಸ್ (ಪ್ರಶ್ನೆ ಕೇಳಿದವರು)

ನಮಸ್ಕಾರ. ಬ್ರಷ್ ಕಟರ್, ಬ್ಯಾಟರಿ ಸ್ಪ್ರೇಯರ್ ಮತ್ತು ಅವುಗಳ ಬಿಡಿಭಾಗಗಳನ್ನು ಚೀನಾ, ತೈವಾನ್‌ನಿಂದ ತರಿಸಿ ಸಗಟು ಮಾರಲು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುವವರಿದ್ದೇವೆ. ಗಿರಾಕಿಗಳೆಲ್ಲ ಚನ್ನಗಿರಿ, ಹೊಳಲ್ಕೆರೆ, ಶಿವಮೊಗ್ಗ, ರಾಣೆಬೆನ್ನೂರು, ಹೊಸಪೇಟೆ ಕಡೆಯ ಡೀಲರ್‌ಗಳು. ಮೊದಲ ವರ್ಷ ಎರಡು ತಿಂಗಳಿಗೊಂದು 20 ಅಡಿ ಕಂಟೇನರ್, ಆಮೇಲೆ 40 ಅಡಿಯದು ಎಂಬ ಅಂದಾಜು.

ಆಮದು ವ್ಯವಹಾರ ಅಂದಮೇಲೆ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ರಿಜಿಸ್ಟರ್ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ದಾವಣಗೆರೆಯಲ್ಲೇ ಇಟ್ಟರೆ ಏನು ತೊಂದರೆ? ಚಿತ್ರದುರ್ಗದಲ್ಲಿ ಗೋಡೌನ್ ಬಾಡಿಗೆ ಕಡಿಮೆ ಅಂತಲೂ ಒಂದು ಮಾತಿದೆ. ತಿಳಿದವರು ಬಿಡಿಸಿ ಹೇಳಿ.

ವೈಟ್‌ಫೀಲ್ಡ್ ಕ್ಲಿಯರಿಂಗ್

ಸರ್, ನೀವು ಒಂದು ಪ್ರಶ್ನೆ ಕೇಳಿದ್ದೀರಿ, ಅದರೊಳಗೆ ಮೂರಿವೆ. ಕಾಗದಪತ್ರದ ವಿಳಾಸ ಯಾವುದು, ಕಸ್ಟಮ್ಸ್ ಕ್ಲಿಯರೆನ್ಸ್ ಎಲ್ಲಿ, ಮಾಲು ಇಳಿಯುವ ಗೋಡೌನ್ ಎಲ್ಲಿ. ಮೂರೂ ಒಂದೇ ಊರಲ್ಲಿರಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಪ್ಯಾನ್ ಒಂದಕ್ಕೆ ಐಇಸಿ (ಆಮದು-ರಫ್ತು ಕೋಡ್) ಒಂದೇ, ಅದು ದೇಶದ ಎಲ್ಲ ಬಂದರಿಗೂ ನಡೆಯುತ್ತದೆ. ದಾವಣಗೆರೆ ವಿಳಾಸದ ಐಇಸಿ ಇಟ್ಟುಕೊಂಡು ಚೆನ್ನೈ, ಮುಂಬೈ ಬಳಿಯ ನವಾ ಶೇವಾ, ಮಂಗಳೂರಿನ ಪಣಂಬೂರು, ಬೆಂಗಳೂರಿನ ವೈಟ್‌ಫೀಲ್ಡ್ ಐಸಿಡಿ (ಒಳನಾಡಿನ ಕಂಟೇನರ್ ಡಿಪೋ) ಎಲ್ಲಿ ಬೇಕಾದರೂ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಕಸ್ಟಮ್ಸ್ ಘೋಷಣೆ) ಹಾಕಬಹುದು. ಸುಂಕವೂ ಎಲ್ಲ ಕಡೆ ಒಂದೇ, ವಿಳಾಸ ನೋಡಿ ಯಾರೂ ಕಡಿಮೆ ಮಾಡುವುದಿಲ್ಲ.

ಲೆಕ್ಕ ಹೀಗೆ. ಸಿಐಎಫ್ ಬೆಲೆ (ಮಾಲು, ವಿಮೆ, ಹಡಗು ಬಾಡಿಗೆ ಸೇರಿ) ₹10,00,000, ಮೂಲ ಸುಂಕ 7.5%, ಐಜಿಎಸ್‌ಟಿ 18% ಎಂದಿಟ್ಟುಕೊಳ್ಳಿ (ನಿಮ್ಮ ಮಾಲಿನ ನಿಜವಾದ ದರವನ್ನು ಎಚ್‌ಎಸ್ ಕೋಡ್ ಅಂದರೆ ಸುಂಕದ ವರ್ಗೀಕರಣ ಸಂಖ್ಯೆ ಹಿಡಿದು ನೋಡಬೇಕು). ಮೂಲ ಸುಂಕ ₹75,000. ಅದರ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್ ₹7,500. ಮೂರೂ ಸೇರಿ ₹10,82,500, ಅದರ 18% ಅಂದರೆ ₹1,94,850 ಐಜಿಎಸ್‌ಟಿ. ಒಟ್ಟು ಕಟ್ಟುವುದು ₹2,77,350. ಇದರಲ್ಲಿ ₹82,500 ಮಾತ್ರ ನಿಮ್ಮ ನಿಜವಾದ ಖರ್ಚು. ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಆದರೆ ಮಾಲು ಮಾರಾಟವಾಗುವವರೆಗೆ ನಿಮ್ಮ ದುಡ್ಡು ಅಲ್ಲೇ ಕೂತಿರುತ್ತದೆ. ಬಂಡವಾಳ ಅಂದಾಜು ಮಾಡುವಾಗ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಹಾಗಾಗಿ ಊರು ಆರಿಸುವಾಗ ತೆರಿಗೆ ಉಳಿಯುತ್ತದಾ ಅಂತ ಕೇಳುವುದರಲ್ಲಿ ಫಲವಿಲ್ಲ. ಸಾಗಣೆ, ದಿನಗಳು, ವಿಳಾಸದ ತಾಳೆ, ಈ ಮೂರನ್ನು ನೋಡಿ.

ಪಿ.ಬಿ. ರೋಡ್ ಲಾರಿ

ಅಣ್ಣಾರೆ, ಸಾಗಣೆ ಬಗ್ಗೆ ನಾನು ಹೇಳ್ತೀನಿ. ದಾವಣಗೆರೆ, ದುರ್ಗ ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಅದಾವೆ. ಅದೇ ರಸ್ತೆ ಒಂದು ಕಡೆ ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಮುಂಬೈ ಕಡೆ ಹೋಗ್ತದೆ, ಇನ್ನೊಂದು ಕಡೆ ತುಮಕೂರು, ಬೆಂಗಳೂರು ದಾಟಿ ಚೆನ್ನೈಗೆ ಹೋಗ್ತದೆ. ಎರಡು ದೊಡ್ಡ ಕಂಟೇನರ್ ಬಂದರಿಗೆ ಒಂದೇ ರಸ್ತೆಯಲ್ಲಿ ಕೂತಿರೋ ಊರು ಇವು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಚೆನ್ನೈ 600 ಚಿಲ್ಲರೆ, ನವಾ ಶೇವಾ 700ರ ಆಸುಪಾಸು.

ನಕ್ಷೆಯಲ್ಲಿ ಮಂಗಳೂರು ಹತ್ತಿರ ಕಾಣ್ತದೆ. ಅದನ್ನ ನೋಡಿ ಮೋಸ ಹೋಗಬೇಡ್ರಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡೋದಿಲ್ಲ, ಚಾರ್ಮಾಡಿಯಲ್ಲೂ ಬಿಡೋದಿಲ್ಲ. ಕಂಟೇನರ್ ಟ್ರೇಲರ್ ಹಾಸನ, ಸಕಲೇಶಪುರ, ಶಿರಾಡಿ ಸುತ್ತಿ ಬರಬೇಕು. ಮಳೆಗಾಲದಾಗೆ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಬಂದ್. ಸ್ಪ್ರೇಯರ್ ಸೀಸನ್ ಮಳೆಗಾಲದಾಗೇ ಬರ್ತದಲ್ಲ, ಆಗ ಮಾಲು ಘಾಟಿ ಕೆಳಗೆ ನಿಂತರೆ ಏನು ಮಾಡ್ತೀರಿ?

ಇನ್ನು ಅಸಲು ಖರ್ಚಿನ ಮಾತು. ಚೆನ್ನೈಯಿಂದ ತುಂಬಿದ ಕಂಟೇನರ್ ದಾವಣಗೆರೆಗೆ ಬಂತು, ಇಳಿಸಿದ್ರಿ. ಕಂಟೇನರ್ ನಿಮ್ಮದಲ್ಲ, ಶಿಪ್ಪಿಂಗ್ ಲೈನ್‌ದು. ಖಾಲಿ ಡಬ್ಬ ಅವರು ಹೇಳಿದ ಯಾರ್ಡ್‌ಗೆ ವಾಪಸ್ ಮುಟ್ಟಿಸಬೇಕು. ಅಂದ್ರೆ 600 ಕಿ.ಮೀ. ಬಾಡಿಗೆ ಕೇಳಿದ್ರೆ ಟ್ರೇಲರ್‌ನವರು 1,200 ಕಿ.ಮೀ. ಲೆಕ್ಕ ಹಾಕ್ತಾರೆ. ಒಳನಾಡಿನ ಊರಿಗೆ ಆಮದು ದುಬಾರಿ ಆಗೋದು ಈ ಖಾಲಿ ಡಬ್ಬದಿಂದ. ಇದಕ್ಕೆ ಮೂರು ದಾರಿ ಅದಾವೆ.

ಒಂದು, ವೈಟ್‌ಫೀಲ್ಡ್ ಐಸಿಡಿವರೆಗೆ ರೈಲಿನಲ್ಲಿ ತರಿಸಿ ಅಲ್ಲೇ ಕ್ಲಿಯರ್ ಮಾಡಿಸೋದು. ಖಾಲಿ ಡಬ್ಬ ಬೆಂಗಳೂರು ಯಾರ್ಡ್‌ಗೇ ವಾಪಸ್, ಹೋಗಿ ಬರೋದು 520 ಕಿ.ಮೀ. ಚಿಲ್ಲರೆ.

ಎರಡು, ಬಂದರಿನ ಸಿಎಫ್‌ಎಸ್‌ನಲ್ಲೋ (ಕಂಟೇನರ್ ತೆರೆದು ಮಾಲು ಇಳಿಸೋ ಯಾರ್ಡ್) ಐಸಿಡಿಯಲ್ಲೋ ಡಬ್ಬ ಖಾಲಿ ಮಾಡಿಸಿ ಮಾಲನ್ನ ಸಾದಾ ಲಾರಿಗೆ ತುಂಬಿಸೋದು. 20 ಅಡಿ ಮಾಲು ಒಂದು ದೊಡ್ಡ ಲಾರಿಗೆ ಆಗ್ತದೆ, ಲಾರಿ ಒಂದೇ ಕಡೆ ಬಾಡಿಗೆಗೆ ಸಿಗ್ತದೆ. ಆದ್ರೆ ಎರಡು ಸಲ ಹಮಾಲಿ, ಎರಡು ಸಲ ಕೈ ಬದಲು. ಬ್ರಷ್ ಕಟರ್ ಪೈಪ್ ಬಗ್ಗೋದು, ಸ್ಪ್ರೇಯರ್ ಟ್ಯಾಂಕ್ ಒಡೆಯೋದು ಇಲ್ಲೇ. ಮಳೆ ಇದ್ರೆ ಡಬಲ್ ತಾಡಪಾಲು ಕಟ್ಟಿಸ್ರಿ.

ಮೂರು, ನಿಮ್ಮ ಖಾಲಿ ಡಬ್ಬಕ್ಕೆ ಈ ಕಡೆಯ ರಫ್ತುದಾರರ ಲೋಡ್ ಜೋಡಿಸೋದು. ಮಿಡಿಸೌತೆ, ಮೆಕ್ಕೆಜೋಳದ ರಫ್ತಿನವರು ಡಬ್ಬ ಹುಡುಕ್ತಿರ್ತಾರೆ. ಅದೇ ಶಿಪ್ಪಿಂಗ್ ಲೈನ್ ಆಗಿರಬೇಕು, ಅದೇ ಅಳತೆ ಆಗಿರಬೇಕು, ಲೈನ್‌ನವರು ಲಿಖಿತ ಒಪ್ಪಿಗೆ ಕೊಡಬೇಕು, ಡಬ್ಬ ಸ್ವಚ್ಛ ಇರಬೇಕು. ಆಹಾರ ಪದಾರ್ಥದವರು ಎಣ್ಣೆ ವಾಸನೆ ಹತ್ತಿದ ಡಬ್ಬ ಮುಟ್ಟೋದಿಲ್ಲ. ಇದು ಪ್ರತಿ ಸಲ ಕೂಡಿ ಬರೋದಿಲ್ಲ, ಅದನ್ನ ನಂಬಿ ದರ ಹಾಕಬೇಡ್ರಿ.

ವೈಟ್‌ಫೀಲ್ಡ್ ಕ್ಲಿಯರಿಂಗ್

ಲಾರಿ ಅಣ್ಣ ಹೇಳಿದ ಮೊದಲ ದಾರಿಗೆ ಒಂದು ಷರತ್ತಿದೆ. ಐಸಿಡಿಗೆ ಬರಬೇಕಾದರೆ ಬಿಲ್ ಆಫ್ ಲೇಡಿಂಗ್‌ನಲ್ಲೇ (ಬಿಎಲ್, ಹಡಗಿನವರು ಕೊಡುವ ಸಾಗಣೆ ಪತ್ರ) ತಲುಪುವ ಸ್ಥಳ ಬೆಂಗಳೂರು ಐಸಿಡಿ ಅಂತ ಇರಬೇಕು. ಸಪ್ಲೈಯರ್ ರೂಢಿಯಂತೆ "ಚೆನ್ನೈ" ಅಂತ ಬರೆಸಿ ಹಡಗು ಹೊರಟ ಮೇಲೆ ಬದಲಿಸಲು ಹೋದರೆ ತಿದ್ದುಪಡಿ ಶುಲ್ಕ, ಓಡಾಟ, ಅಷ್ಟರಲ್ಲಿ ಡಬ್ಬ ಚೆನ್ನೈನಲ್ಲಿ ಕೂತು ಬಾಡಿಗೆ ಏರಿಸುತ್ತಿರುತ್ತದೆ. ಪರ್ಚೇಸ್ ಆರ್ಡರ್‌ನಲ್ಲೇ ಬರೆದುಬಿಡಿ, ಡ್ರಾಫ್ಟ್ ಬಿಎಲ್ ನಿಮ್ಮ ಕಣ್ಣಿಗೆ ಬೀಳದೆ ಫೈನಲ್ ಆಗಬಾರದು.

ಬಂದರಿನಿಂದ ಐಸಿಡಿವರೆಗಿನ ಸಾಗಣೆ, ವಿಮೆ, ಹತ್ತಿಸಿ ಇಳಿಸುವ ಖರ್ಚು ಸುಂಕದ ಮೌಲ್ಯಕ್ಕೆ ಸೇರುವುದಿಲ್ಲ. ಶಿಪ್ಪಿಂಗ್ ಲೈನ್‌ನವರು ಸಮುದ್ರ ಬಾಡಿಗೆಯನ್ನೂ ರೈಲು ಬಾಡಿಗೆಯನ್ನೂ ಒಂದೇ ಮೊತ್ತ ಮಾಡಿ ಕೊಟ್ಟರೆ ಬಿಡಿಸಿ ಕೊಡಿ ಎಂದು ಕೇಳಿ. ಎಫ್‌ಒಬಿ ಖರೀದಿಯಲ್ಲಿ (ಹಡಗು ಹತ್ತಿಸುವವರೆಗಿನ ಬೆಲೆ ಮಾತ್ರ, ಮುಂದಿನ ಬಾಡಿಗೆ ವಿಮೆ ನಿಮ್ಮದು) ಬಾಡಿಗೆಯ ದಾಖಲೆ ಇಲ್ಲದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿ ಬೆಲೆಯ 20% ಬಾಡಿಗೆ ಅಂತಲೂ, 1.125% ವಿಮೆ ಅಂತಲೂ ಸೇರಿಸುತ್ತಾರೆ. ನಿಜವಾದ ಬಾಡಿಗೆ ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿಗೆ ಸುಂಕ ಕಟ್ಟಿದಂತೆ.

ಐಸಿಡಿಯ ದೋಷವೂ ಹೇಳಬೇಕು. ಚೆನ್ನೈನಲ್ಲಿ ಇಳಿದ ಡಬ್ಬ ರೈಲಿಗಾಗಿ ಕಾಯುತ್ತದೆ. ಶಿಪ್ಪಿಂಗ್ ಲೈನ್ ಕೊಡುವ ಫ್ರೀ ಡೇಸ್ (ಡಬ್ಬಕ್ಕೆ ಬಾಡಿಗೆ ಬೀಳದ ದಿನಗಳು) ಬಂದರಿನಲ್ಲಿ ಇಳಿದ ದಿನದಿಂದ ಎಣಿಕೆಯೋ, ಐಸಿಡಿ ಮುಟ್ಟಿದ ದಿನದಿಂದಲೋ ಎಂದು ಬುಕಿಂಗ್‌ಗೆ ಮೊದಲೇ ಕೇಳಿ, 14 ದಿನ ಬರೆಸಿಕೊಳ್ಳಲು ಸಪ್ಲೈಯರ್‌ಗೆ ಹೇಳಿ. ದಾವಣಗೆರೆಗೆ ಹೋಗಿ ಖಾಲಿಯಾಗಿ ವಾಪಸ್ ಬರುವ ದಿನಗಳೂ ಇದರೊಳಗೇ ಬರುತ್ತವೆ.

ನೇರವಾಗಿ ಚೆನ್ನೈ ಬಂದರಿನಲ್ಲೇ ಕ್ಲಿಯರ್ ಮಾಡಿಸುವುದಾದರೆ, ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ ಹಾಕಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000. ಅಸೆಸ್‌ಮೆಂಟ್ ಆಗಿ ಬಂದ ಮೇಲೆ ಸುಂಕ ಕಟ್ಟುವುದು ತಡವಾದರೆ 15% ಬಡ್ಡಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಎಲ್ ಪ್ರತಿಗಳು ಮಾಲು ಹಡಗು ಹತ್ತಿದ ವಾರದೊಳಗೆ ನಿಮ್ಮ ಕ್ಲಿಯರಿಂಗ್ ಏಜೆಂಟರ ಕೈಯಲ್ಲಿರಲಿ.

ದಾವಣಗೆರೆ ತೆರಿಗೆ ಸಲಹೆ

ವಿಳಾಸದ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯನ್ನೇ ಮುಖ್ಯ ವ್ಯವಹಾರ ಸ್ಥಳ ಮಾಡಿ. ಬೆಂಗಳೂರಿನಲ್ಲಿ ಒಂದು ಸಣ್ಣ ಗೋಡೌನ್ ಬೇಕಾದರೆ ಅದೇ ಜಿಎಸ್‌ಟಿ ನಂಬರಿಗೆ ಹೆಚ್ಚುವರಿ ಸ್ಥಳವಾಗಿ ಸೇರಿಸಬಹುದು, ರಾಜ್ಯ ಒಂದೇ ಆದ್ದರಿಂದ ಇನ್ನೊಂದು ನೋಂದಣಿ ಬೇಡ. ಎರಡರ ನಡುವೆ ಮಾಲು ಓಡಾಡಿದರೆ ತೆರಿಗೆ ಇಲ್ಲ, ಡೆಲಿವರಿ ಚಲನ್ ಮತ್ತು ಇ-ವೇ ಬಿಲ್ ಸಾಕು.

ಚೆನ್ನೈನಲ್ಲಿ ಕ್ಲಿಯರ್ ಮಾಡಿ ನೇರ ಕರ್ನಾಟಕಕ್ಕೆ ತಂದರೆ ತಮಿಳುನಾಡಿನ ಜಿಎಸ್‌ಟಿ ಬೇಕಿಲ್ಲ. ಬಿಲ್ ಆಫ್ ಎಂಟ್ರಿಯಲ್ಲಿ ಕರ್ನಾಟಕದ ಜಿಎಸ್‌ಟಿ ನಂಬರ್ ಹಾಕಿಸಿ, ಕ್ರೆಡಿಟ್ ಇಲ್ಲೇ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿಯೇ ಗೋಡೌನ್ ಹಿಡಿದು ಅಲ್ಲಿಂದ ಮಾರಲು ಹೊರಟರೆ ಮಾತ್ರ ಆ ರಾಜ್ಯದ ನೋಂದಣಿ, ಬೇರೆ ರಿಟರ್ನ್, ಬೇರೆ ಲೆಕ್ಕ. ಚೆನ್ನೈನಲ್ಲಿ ಕಂಪನಿ ಮಾಡಿ ಎನ್ನುವವರು ಈ ಹೊರೆ ಹೇಳುವುದಿಲ್ಲ.

ಕೆಲಸ ಕೆಡುವುದು ಬಹುತೇಕ ವಿಳಾಸದ ಅಕ್ಷರಗಳಲ್ಲಿ. ಕಂಪನಿ ದಾಖಲೆ, ಪ್ಯಾನ್, ಬ್ಯಾಂಕ್, ಐಇಸಿ, ಜಿಎಸ್‌ಟಿ ಐದರಲ್ಲೂ ಒಂದೇ ಬರಹ ಇರಬೇಕು. ಬಾಡಿಗೆ ಕರಾರಿನಲ್ಲಿ "ಪಿ.ಬಿ. ರಸ್ತೆ", ಕರೆಂಟ್ ಬಿಲ್ಲಿನಲ್ಲಿ "ಪೂನಾ ಬೆಂಗಳೂರು ರಸ್ತೆ", ಖಾತೆಯಲ್ಲಿ ಹಳೆಯ ಡೋರ್ ನಂಬರ್ ಇದ್ದರೆ ಜಿಎಸ್‌ಟಿ ಅಧಿಕಾರಿ ಸ್ಪಷ್ಟನೆ ಕೇಳುತ್ತಾರೆ. ಇನ್ನೂ ಸಾಮಾನ್ಯವಾದದ್ದು, ಬೆಸ್ಕಾಂ ಆರ್‌ಆರ್ ನಂಬರ್ ಮಾಲೀಕರ ತಂದೆಯ ಹೆಸರಿನಲ್ಲೇ ಉಳಿದಿರುವುದು. ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಈ ವರ್ಷದ ಆಸ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್, ಖಾತೆ ಪ್ರತಿ ತರಿಸಿ ಮೂರರ ಹೆಸರನ್ನೂ ಒಟ್ಟಿಗಿಟ್ಟು ನೋಡಿ. ಹೆಸರು ಬೇರೆಯಿದ್ದರೆ ಮೊದಲು ವರ್ಗಾವಣೆ ಮಾಡಿಸಿಕೊಡಲು ಹೇಳಿ.

ಬೆಂಗಳೂರಿನ ವರ್ಚುವಲ್ ಆಫೀಸ್ ವಿಳಾಸ ಕಡಿಮೆಗೆ ಸಿಗುತ್ತದೆ ಅಂತ ಹೋಗಬೇಡಿ. ಸ್ಥಳ ಪರಿಶೀಲನೆಗೆ ಬಂದವರು ಬೋರ್ಡ್, ಮಾಲು, ಲೆಕ್ಕದ ಪುಸ್ತಕ ಹುಡುಕುತ್ತಾರೆ. ಒಂದು ಮೇಜಿಗೆ ಇಪ್ಪತ್ತು ಕಂಪನಿಯ ಹೆಸರಿದ್ದರೆ ಆಮದುದಾರರ ಮೇಲೆ ಅನುಮಾನ ಬರದೇ ಇರುತ್ತದೆಯೇ? ಆಮೇಲೆ ನಿಜವಾದ ಗೋಡೌನಿಗೆ ವಿಳಾಸ ಬದಲಿಸಲು ಹೊರಟರೆ ಊರಿನ ಎಲ್ಲೆ ದಾಟುವ ಬದಲಾವಣೆಯಾದ್ದರಿಂದ ವಿಶೇಷ ಠರಾವು, ಕಂಪನಿ ರಿಜಿಸ್ಟ್ರಾರ್‌ಗೆ ಎಂಜಿಟಿ-14 ಅರ್ಜಿ, 30 ದಿನದೊಳಗೆ ಐಎನ್‌ಸಿ-22 ಅರ್ಜಿ, ನಂತರ ಜಿಎಸ್‌ಟಿ, ಐಇಸಿ, ಬ್ಯಾಂಕ್ ತಿದ್ದುಪಡಿ. ಒಂದು ತಿದ್ದುಪಡಿಗೆ ಕಾಯುತ್ತಾ ಮುಂದಿನದು ನಿಲ್ಲುತ್ತದೆ. ಅಷ್ಟರಲ್ಲಿ ಬರುವ ಕಂಟೇನರ್ ಯಾವ ವಿಳಾಸಕ್ಕೆ ಬಿಲ್ ಆಗಬೇಕು ಎಂಬುದೇ ತಲೆನೋವು.

ಬಾಡಿಗೆ ಬಗ್ಗೆ ಒಂದು ಮಾತು. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಗೆ ಬಾಡಿಗೆದಾರರೇ 18% ರಿವರ್ಸ್ ಚಾರ್ಜ್ ಕಟ್ಟಬೇಕು. ತಿಂಗಳಿಗೆ ₹40,000 ಬಾಡಿಗೆಯಾದರೆ ₹7,200 ನಗದಾಗಿ ಕಟ್ಟಿ ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಿ. ಆಮದಿನ ಐಜಿಎಸ್‌ಟಿ ಕ್ರೆಡಿಟ್ ಎಷ್ಟೇ ಇದ್ದರೂ ಅದರಿಂದ ಇದನ್ನು ಕಟ್ಟಲು ಬರುವುದಿಲ್ಲ.

ದುರ್ಗದವರು

ದಾವಣಗೆರೆಯವರೇ ಎಲ್ಲ ಮಾತಾಡಿದರೆ ಹೇಗೆ? ಗಿರಾಕಿಗಳ ಪಟ್ಟಿ ನೋಡಿ. ಹೊಳಲ್ಕೆರೆ, ಹೊಸಪೇಟೆ, ಶಿವಮೊಗ್ಗ. ಚಿತ್ರದುರ್ಗದಲ್ಲಿ ಹೆದ್ದಾರಿ 48 ಮತ್ತು 50 ಸೇರುತ್ತವೆ. 50 ಹಿಡಿದರೆ ನೇರ ಹೊಸಪೇಟೆ, ವಿಜಯಪುರ. ಹೊಳಲ್ಕೆರೆ ಮೇಲೆ ಶಿವಮೊಗ್ಗ. ಚಳ್ಳಕೆರೆ ಮೇಲೆ ಬಳ್ಳಾರಿ. ಬೆಂಗಳೂರಿನಿಂದ ಬರುವ ಪ್ರತಿ ಕಂಟೇನರಿಗೂ ಹೋಗುತ್ತಾ ಬರುತ್ತಾ 120 ಕಿ.ಮೀ. ಉಳಿತಾಯ, ಏಕೆಂದರೆ ದಾವಣಗೆರೆ ನಮ್ಮಿಂದ ಸುಮಾರು 60 ಕಿ.ಮೀ. ಮುಂದೆ. ಜಾಗ ಬೇಕಾದರೆ ಹೆದ್ದಾರಿ ಬದಿಯಲ್ಲಿ ನಮ್ಮಲ್ಲೇ ಹೆಚ್ಚು ಸಿಗುತ್ತದೆ.

ಆದರೆ ಕೃಷಿ ಜಮೀನಿನ ಮೇಲೆ ಕಟ್ಟಿದ ಶೆಡ್ ಅಗ್ಗಕ್ಕೆ ಸಿಗುತ್ತದೆ ಅಂತ ಕಣ್ಣುಮುಚ್ಚಿ ಒಪ್ಪಬೇಡಿ. ಭೂ ಪರಿವರ್ತನೆ ಆದೇಶ ವಾಣಿಜ್ಯ ಅಥವಾ ಕೈಗಾರಿಕೆ ಉದ್ದೇಶಕ್ಕೇ ಆಗಿದೆಯಾ, ವಾಸಕ್ಕೆ ಆಗಿದೆಯಾ ಓದಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ನಮೂನೆ 11ಬಿ ಮಾತ್ರ ತೋರಿಸಿದರೆ ಬ್ಯಾಂಕು ಮತ್ತು ವಿಮೆಯವರು ಹಿಂಜರಿಯುತ್ತಾರೆ. ಹೆದ್ದಾರಿಗೆ ನೇರ ಗೇಟ್ ಇದ್ದರೆ ಹೆದ್ದಾರಿ ಪ್ರಾಧಿಕಾರದ ಅನುಮತಿ ಪತ್ರ ನೋಡಿ. ಅನುಮತಿ ಇಲ್ಲದ ದಾರಿ ಮುಚ್ಚಿದ ದಿನ ಟ್ರೇಲರ್ ಒಳಗೆ ತರಲು ಸರ್ವಿಸ್ ರಸ್ತೆ ಸುತ್ತಬೇಕಾಗುತ್ತದೆ.

ಪಿ.ಬಿ. ರೋಡ್ ಲಾರಿ

ದುರ್ಗದ ಅಣ್ಣ ಹೇಳಿದ್ದು ರಸ್ತೆ ಲೆಕ್ಕದಾಗೆ ಖರೆ. ಆದ್ರೆ ಡೀಲರ್‌ಗೆ ಹೋಗೋ ಮಾಲು ಕಂಟೇನರ್‌ನಾಗೆ ಹೋಗೋದಿಲ್ಲ, ಎರಡು ಬಾಕ್ಸು, ಐದು ಬಾಕ್ಸು ಪಾರ್ಸೆಲ್ ಹೋಗ್ತದೆ. ಸಂಜೆ ಬುಕ್ ಮಾಡಿದ್ರೆ ಬೆಳಿಗ್ಗೆ ರಾಣೆಬೆನ್ನೂರು, ಚನ್ನಗಿರಿ, ಹರಪನಹಳ್ಳಿ ಮುಟ್ಟೋ ಪಾರ್ಸೆಲ್ ಲಾರಿ ದಾವಣಗೆರೆಯಿಂದ ಹೆಚ್ಚು. ಬಿಡಿಭಾಗಕ್ಕೆ ಇದೇ ಜೀವಾಳ. ಸೀಸನ್‌ನಾಗೆ ಕಾರ್ಬೊರೇಟರ್ ಒಂದು ದಿನ ತಡ ಆದ್ರೆ ಡೀಲರ್ ಬೇರೆ ಕಂಪನಿ ಹಿಡಿತಾನೆ. ನಿಮ್ಮ ಡೀಲರ್ ಪಟ್ಟಿ ಎದುರಿಗಿಟ್ಟು, ಒಂದೊಂದು ಊರಿಗೂ ಎರಡೂ ಕಡೆಯಿಂದ ವಾರಕ್ಕೆ ಎಷ್ಟು ಪಾರ್ಸೆಲ್ ಗಾಡಿ ಅದಾವೆ ಅಂತ ಬರ್ಕೊಳ್ರಿ. ಉತ್ತರ ಅಲ್ಲೇ ಸಿಗ್ತದೆ.

ಊರೊಳಗೆ ಗೋಡೌನ್ ಬೇಡ. ಮಂಡಿಪೇಟೆ, ಚೌಕಿಪೇಟೆ ಕಡೆ ವ್ಯಾಪಾರದ ಅಂಗಡಿ ಇಟ್ಕೊಳ್ರಿ, ಗೋಡೌನ್ ಮಾತ್ರ ಕರೂರು ಕೈಗಾರಿಕಾ ಪ್ರದೇಶದ ಕಡೆ ಅಥವಾ ಬೈಪಾಸ್ ಹತ್ತಿರ ಇರ್ಲಿ. 40 ಅಡಿ ಹೈಕ್ಯೂಬ್ ಡಬ್ಬದ ಎತ್ತರ 2.9 ಮೀಟರ್, ಟ್ರೇಲರ್ ಮೇಲೆ ಕೂತಾಗ ನೆಲದಿಂದ 4.4 ಮೀಟರ್‌ವರೆಗೆ ಬರ್ತದೆ. ದಾರಿಯಾಗೆ ರೈಲ್ವೆ ಕೆಳಸೇತುವೆ ಇದ್ರೆ ಎತ್ತರದ ಪಟ್ಟಿ ಓದ್ರಿ, ಜೋತು ಬಿದ್ದ ಕರೆಂಟ್ ತಂತಿ, ಕೇಬಲ್ ನೋಡ್ರಿ. ಟ್ರೇಲರ್ ತಲೆ ಸೇರಿ 16 ಮೀಟರ್ ದಾಟ್ತದೆ. ಗೇಟಿನ ಮುಂದೆ 30 ಅಡಿ ರಸ್ತೆ ಇದ್ರೆ ರಿವರ್ಸ್ ತಗೊಳ್ಳೋಕೆ ಆಗೋದಿಲ್ಲ, ಪಕ್ಕದ ಸೈಟ್ ಖಾಲಿ ಅದೆ ಅಂತ ನಂಬಬೇಡ್ರಿ, ನಾಳೆ ಅಲ್ಲಿ ಕಾಂಪೌಂಡ್ ಬರ್ತದೆ. ಗೋಡೌನ್ ಮುಂದೆ 4 ಅಡಿ ಎತ್ತರದ ಕಟ್ಟೆ ಇದ್ರೆ ಆರು ಜನ ಹಮಾಲರು 20 ಅಡಿ ಡಬ್ಬ ಅರ್ಧ ದಿನದಾಗೆ ಇಳಿಸ್ತಾರೆ. ಕಟ್ಟೆ ಇಲ್ಲಾಂದ್ರೆ ತಲೆಮೇಲೆ ಹೊತ್ತು ಇಳಿಸಬೇಕು, ದುಪ್ಪಟ್ಟು ಹೊತ್ತು.

ದಾವಣಗೆರೆ ತೆರಿಗೆ ಸಲಹೆ

ಗೋಡೌನ್ ಮಾತು ಬಂತಲ್ಲ, ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮಾಲು ಇಳಿಯುವ ಗೋಡೌನ್ ಜಿಎಸ್‌ಟಿಯಲ್ಲಿ ಹೆಚ್ಚುವರಿ ಸ್ಥಳವಾಗಿ ಸೇರಿದ ಮೇಲೆಯೇ ಗಾಡಿ ಹೊರಡಬೇಕು. ಇ-ವೇ ಬಿಲ್‌ನಲ್ಲಿ ಒಳಬರುವ ಮಾಲು, ಆಮದು ಎಂದು ಆರಿಸಿ, ದಾಖಲೆಯಾಗಿ ಬಿಲ್ ಆಫ್ ಎಂಟ್ರಿ ನಂಬರ್, ಕಳಿಸುವವರ ಜಾಗದಲ್ಲಿ ಯುಆರ್‌ಪಿ (ನೋಂದಣಿ ಇಲ್ಲದವರು), ರಾಜ್ಯ "ಇತರ ದೇಶ" ಎಂದು ಹಾಕಿ, ಗಾಡಿ ಹೊರಡುವ ಜಾಗ ಬಂದರು ಅಥವಾ ಐಸಿಡಿ. ಮುಟ್ಟುವ ಜಾಗಕ್ಕೆ ಅಂಗಡಿ ವಿಳಾಸ ಹಾಕಿ ಮಾಲನ್ನು ಬೇರೆ ಶೆಡ್‌ಗೆ ಇಳಿಸಿದರೆ ಗಾಡಿ ಹಿಡಿದಾಗ ಉತ್ತರ ಇರುವುದಿಲ್ಲ. ಜಿಎಸ್‌ಟಿ ಕಾಯ್ದೆಯ 129ನೇ ಕಲಂ ಹಾಕಿದರೆ ತೆರಿಗೆಯ 200% ದಂಡ. ಮೇಲಿನ ಉದಾಹರಣೆಯ ಮಾಲಿಗೆ ಅದು ₹3,89,700.

ಇ-ವೇ ಬಿಲ್ ಅವಧಿ 200 ಕಿ.ಮೀ.ಗೆ ಒಂದು ದಿನ. ವೈಟ್‌ಫೀಲ್ಡಿನಿಂದ ದಾವಣಗೆರೆ ಎರಡು ದಿನ. ಚಿತ್ರದುರ್ಗ ಒಂದೇ ದಿನ ಅಂತ ಅನಿಸುತ್ತದೆ, ಆದರೆ ನಗರದ ಹಗಲಿನ ಲಾರಿ ನಿರ್ಬಂಧ ತಪ್ಪಿಸಿ ಹೊಸಕೋಟೆ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಸುತ್ತಿದರೆ 200 ದಾಟುತ್ತದೆ. ನಿಜವಾದ ದೂರವನ್ನೇ ಹಾಕಿ. ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಇ-ವೇ ಬಿಲ್‌ನ ಭಾಗ-ಬಿಯಲ್ಲಿ ಗಾಡಿ ನಂಬರ್ ಬದಲಿಸಿ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ ನಂತರದ 8 ಗಂಟೆಯೊಳಗೆ ವಿಸ್ತರಿಸಬಹುದು.

ಲೇಬಲ್ ಮತ್ತು ಲೈಸೆನ್ಸ್

ವಿಳಾಸ ಬದಲಾದರೆ ಕಾಗದ ಮಾತ್ರ ಬದಲಾಗುತ್ತದೆ ಅಂತ ತಿಳಿಯಬೇಡಿ. ಪ್ಯಾಕ್ ಆಗಿ ಬರುವ ಚಿಲ್ಲರೆ ಮಾಲಿನ ಪ್ರತಿ ಡಬ್ಬಿಯ ಮೇಲೂ ಆಮದುದಾರರ ಹೆಸರು, ಪೂರ್ತಿ ವಿಳಾಸ, ಮೂಲ ದೇಶ, ವಸ್ತುವಿನ ಹೆಸರು, ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿನ ಫೋನ್ ಮತ್ತು ಇಮೇಲ್ ಇರಬೇಕು. ಆಮದುದಾರರು ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ 27ರಡಿ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ 90 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಚೀನಾದ ಕಾರ್ಖಾನೆಯಲ್ಲೇ ಮುದ್ರಿಸಿ ಬರಲಿ. ಲೇಬಲ್ ಇಲ್ಲದೆ ಬಂದರೆ ಕ್ಲಿಯರೆನ್ಸಿಗೆ ಮೊದಲು ಬಾಂಡೆಡ್ (ಕಸ್ಟಮ್ಸ್ ಹತೋಟಿಯ) ಗೋಡೌನಿನಲ್ಲಿ ಒಂದೊಂದು ಡಬ್ಬಿಗೂ ಸ್ಟಿಕರ್ ಹಚ್ಚಿಸುವ ಕೆಲಸ ಬೀಳುತ್ತದೆ. ಮುದ್ರಣಕ್ಕೆ ಕೊಟ್ಟ ಮೇಲೆ ವಿಳಾಸ ಬದಲಿಸಿದರೆ ಇಡೀ ಲಾಟಿಗೆ ಅದೇ ಗತಿ. ಹಾಗಾಗಿ 11 ತಿಂಗಳ ಕರಾರಿನ ಮೇಲೆ ನಿಂತ ವಿಳಾಸವನ್ನು ಡಬ್ಬಿ ಮೇಲೆ ಹಾಕಬೇಡಿ, ಐದು ವರ್ಷದ ನೋಂದಾಯಿತ ಕರಾರು ಮಾಡಿಸಿ.

ಬ್ಯಾಟರಿ ಸ್ಪ್ರೇಯರ್ ಇದೆಯಲ್ಲ, ಅದಕ್ಕೆ ಪ್ರತ್ಯೇಕ ಎಚ್ಚರ ಬೇಕು. ಲಿಥಿಯಂ ಬ್ಯಾಟರಿಯಾದರೆ ಐಎಸ್ 16046ರ ಬಿಐಎಸ್ ನೋಂದಣಿ ತಯಾರಕರ ಹೆಸರಿನಲ್ಲಿರಬೇಕು, ಆ ಕಾರ್ಖಾನೆಯ ವಿಳಾಸಕ್ಕೇ ಇರಬೇಕು. ಬೇರೆ ಕಾರ್ಖಾನೆಯ ಆರ್ ನಂಬರ್ (ಬಿಐಎಸ್ ನೋಂದಣಿ ಸಂಖ್ಯೆ) ಹಚ್ಚಿ ಕಳಿಸಿದರೆ ಮಾಲು ಬಂದರಿನಲ್ಲೇ ಉಳಿಯುತ್ತದೆ. ಯುಎನ್ 38.3 (ಬ್ಯಾಟರಿ ಸಾಗಣೆಯ ಸುರಕ್ಷತೆ) ಪರೀಕ್ಷಾ ವರದಿ ಇಲ್ಲದೆ ಹಡಗಿನವರು ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ, ಎಲೆಕ್ಟ್ರಿಕ್ ಟೂಲ್ಸ್, ಪ್ಲಾಸ್ಟಿಕ್ ಪ್ಯಾಕಿಂಗ್ ಮೂರಕ್ಕೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇಪಿಆರ್ (ಬಳಸಿ ಬಿಟ್ಟ ತ್ಯಾಜ್ಯದ ಹೊಣೆ) ನೋಂದಣಿ ಆಮದುದಾರರ ಹೊಣೆ. ಇವುಗಳಲ್ಲೂ ಜಿಎಸ್‌ಟಿ ಮತ್ತು ಐಇಸಿಯ ವಿಳಾಸವೇ ಬರುತ್ತದೆ.

ಹೊಳಲ್ಕೆರೆ ಓದುಗರು

ಒಂದು ಸಣ್ಣ ಪ್ರಶ್ನೆ ಸರ್. ದುಬೈ ಫ್ರೀ ಝೋನ್‌ನಲ್ಲಿ ಕಂಪನಿ ಮಾಡಿ ಅಲ್ಲಿಂದ ನಮ್ಮ ದಾವಣಗೆರೆ ಕಂಪನಿಗೆ ಬಿಲ್ ಮಾಡಿದರೆ ಸುಂಕ ಕಡಿಮೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ?

ವೈಟ್‌ಫೀಲ್ಡ್ ಕ್ಲಿಯರಿಂಗ್

ಬೇಡ ಮೇಡಂ. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಯುಎಇ ಒಪ್ಪಂದದ ರಿಯಾಯಿತಿ ಅಲ್ಲಿ ತಯಾರಾದ ಮಾಲಿಗೆ ಮಾತ್ರ. ಚೀನಾದಲ್ಲಿ ತಯಾರಾಗಿ ದುಬೈನಲ್ಲಿ ಬಿಲ್ ಬದಲಾದ ಮಾತ್ರಕ್ಕೆ ಮೂಲ ದೇಶ ಬದಲಾಗುವುದಿಲ್ಲ. ಕಸ್ಟಮ್ಸಿನ ಮೂಲ ದೇಶ ಕುರಿತ ಕ್ಯಾರೊಟಾರ್ 2020 ನಿಯಮದಲ್ಲಿ ಮೂಲದ ಮಾಹಿತಿ ಇಟ್ಟುಕೊಳ್ಳುವ ಹೊಣೆ ಆಮದುದಾರರದ್ದೇ. ಎರಡೂ ಕಂಪನಿ ಒಬ್ಬರದ್ದೇ ಆದರೆ ಬೆಲೆ ಸರಿಯಿದೆಯಾ ಎಂದು ಕಸ್ಟಮ್ಸಿನ ವಿಶೇಷ ಮೌಲ್ಯಮಾಪನ ಶಾಖೆ ಕೇಳುತ್ತದೆ, ಆದಾಯ ತೆರಿಗೆಯಲ್ಲಿ ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿ ಬೇಕಾಗುತ್ತದೆ. ದಾವಣಗೆರೆಯಲ್ಲಿ ಇಳಿದು ಮಾರಾಟವಾಗುವ ಮಾಲಿಗೆ ಆ ಸುತ್ತು ಖರ್ಚು ಮಾತ್ರ.

ಹರಿಹರ ಫಾರೆಕ್ಸ್

ಬ್ಯಾಂಕಿನ ಬಗ್ಗೆ ಯಾರೂ ಹೇಳಿಲ್ಲ. ಖಾತೆ ತೆರೆಯುವ ಮೊದಲು ಆ ಶಾಖೆಯಲ್ಲೇ ವಿದೇಶಿ ವಿನಿಮಯದ ಕೆಲಸ ಆಗುತ್ತದೆಯೇ, ಕಾಗದ ಬೆಂಗಳೂರಿಗೆ ಹೋಗುತ್ತದೆಯೇ ಎಂದು ಕೇಳಿ. ಬೆಂಗಳೂರಿಗೆ ಹೋಗುವುದಾದರೆ ಮಧ್ಯಾಹ್ನ ಎಷ್ಟು ಗಂಟೆಯೊಳಗೆ ಕೊಟ್ಟರೆ ಅದೇ ದಿನ ಟಿಟಿ (ವಿದೇಶಕ್ಕೆ ಬ್ಯಾಂಕ್ ಮೂಲಕ ಹಣ ರವಾನೆ) ಹೋಗುತ್ತದೆ, ಡಾಲರ್ ದರ ಯಾರು ಯಾವಾಗ ನಿಗದಿ ಮಾಡುತ್ತಾರೆ, ಬ್ಯಾಂಕಿನ ದಿನದ ಕಾರ್ಡ್ ದರವೋ ಮಾರುಕಟ್ಟೆ ದರದ ಮೇಲೆ ಎಷ್ಟು ಪೈಸೆಯೋ ತಿಳಿದುಕೊಳ್ಳಿ. ಹಣ ಕಳಿಸಿದ ಮೇಲೆ ಮಾಲು ಬಂದಿದ್ದಕ್ಕೆ ಬಿಲ್ ಆಫ್ ಎಂಟ್ರಿ ವಿವರ ಕೊಟ್ಟು ಐಡಿಪಿಎಂಎಸ್‌ನಲ್ಲಿ (ಆಮದು ಪಾವತಿ ತಾಳೆ ನೋಡುವ ವ್ಯವಸ್ಥೆ) ಹೊಂದಿಸಲೇಬೇಕು. ಹೊಂದಿಸದೆ ಬಿಟ್ಟ ಹಳೆಯ ಪಾವತಿಗಳಿದ್ದರೆ ಮುಂದಿನ ಟಿಟಿಗೆ ತಡೆ ಬೀಳುತ್ತದೆ.

ಖರೀದಿ ಎಫ್‌ಒಬಿ ಇರಲಿ, ವಿಮೆ ನೀವೇ ಮಾಡಿಸಿ. ಪಾಲಿಸಿಯಲ್ಲಿ ಸಪ್ಲೈಯರ್ ಗೋಡೌನ್‌ನಿಂದ ದಾವಣಗೆರೆ ಗೋಡೌನ್‌ವರೆಗೆ ಅಂತ ಇರಲಿ. "ಚೆನ್ನೈವರೆಗೆ" ಅಂತಿದ್ದರೆ ಕೊನೆಯ 600 ಕಿ.ಮೀ. ರಸ್ತೆಗೆ ರಕ್ಷಣೆಯೇ ಇಲ್ಲ.

ತೋಟದ ಟೂಲ್ಸ್

ಎಲ್ಲರಿಗೂ ಧನ್ಯವಾದ. ದಾವಣಗೆರೆ ಅಂತ ಮನಸ್ಸು ಗಟ್ಟಿಯಾಯಿತು. ಕೈಗಾರಿಕಾ ನೀತಿಯ ಸಬ್ಸಿಡಿ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ನಮಗೆ ಉಪಯೋಗಕ್ಕೆ ಬರುತ್ತವೆಯೇ? ಕಾಗದಗಳ ಕ್ರಮ ಹೇಗಿರಬೇಕು?

ದಾವಣಗೆರೆ ತೆರಿಗೆ ಸಲಹೆ

ರಾಜ್ಯದ ಕೈಗಾರಿಕಾ ನೀತಿಯ ಬಂಡವಾಳ ಸಹಾಯಧನ ತಯಾರಿಕೆಗೆ ಸಂಬಂಧಿಸಿದ್ದು, ತಂದು ಮಾರುವವರಿಗೆ ಅಲ್ಲ. ಉದ್ಯಮ್‌ನಲ್ಲಿ ಸಗಟು ವ್ಯಾಪಾರಿಗಳಿಗೆ 2021ರ ಜುಲೈಯಿಂದ ಅವಕಾಶ ಇದೆ, ಆದರೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಡೀಲರ್ ದುಡ್ಡು ತಡಮಾಡಿದಾಗ ಸಣ್ಣ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆಯ ಬಡ್ಡಿ ಕೇಳಲು ಬರುವುದಿಲ್ಲ. ಮುಂದೆ ಬಿಡಿಭಾಗ ತರಿಸಿ ಇಲ್ಲೇ ಜೋಡಿಸಲು ಹೊರಟರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ, ಆಗ ಲೆಕ್ಕ ಬೇರೆ.

ಕ್ರಮ ಹೀಗಿರಲಿ. ಮೊದಲು ಜಾಗದ ದಾಖಲೆ ನೋಡಿ ನೋಂದಾಯಿತ ಕರಾರು. ಆ ವಿಳಾಸಕ್ಕೇ ಕಂಪನಿ ನೋಂದಣಿ ಮತ್ತು ಪ್ಯಾನ್. ನಂತರ ಬ್ಯಾಂಕ್ ಖಾತೆ, ಏಕೆಂದರೆ ಐಇಸಿಗೆ ರದ್ದಾದ ಚೆಕ್ ಅಥವಾ ಬ್ಯಾಂಕ್ ಪತ್ರ ಬೇಕು. ಜಿಎಸ್‌ಟಿ ಮತ್ತು ಪಾಲಿಕೆಯ ಉದ್ದಿಮೆ ಪರವಾನಗಿ ಒಟ್ಟಿಗೆ ಹಾಕಬಹುದು. ಐಇಸಿ ಶುಲ್ಕ ₹500, ಆನ್‌ಲೈನ್. ನಂತರ ಕಸ್ಟಮ್ಸಿನ ಪೋರ್ಟಲ್ ಐಸ್‌ಗೇಟ್‌ನಲ್ಲಿ ನೋಂದಣಿ, ಬ್ಯಾಂಕಿನ ಎಡಿ ಕೋಡ್ (ವಿದೇಶಿ ವಿನಿಮಯ ಮಾಡುವ ಶಾಖೆಯ ಸಂಖ್ಯೆ). ಪರ್ಚೇಸ್ ಆರ್ಡರಿಗೆ ಮುಂಗಡ ಕಳಿಸುವುದು ಇವೆಲ್ಲ ಕೈಗೆ ಬಂದ ಮೇಲೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಐಇಸಿಯನ್ನು, ಏನೂ ಬದಲಾಗದಿದ್ದರೂ, ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಮರೆತರೆ ಐಇಸಿ ನಿಷ್ಕ್ರಿಯವಾಗುತ್ತದೆ, ಜುಲೈನಲ್ಲಿ ಬಂದ ಕಂಟೇನರಿನ ಬಿಲ್ ಆಫ್ ಎಂಟ್ರಿ ಮುಂದೆ ಹೋಗುವುದಿಲ್ಲ.

ಪಿ.ಬಿ. ರೋಡ್ ಲಾರಿ

ಕರಾರು ಮಾಡೋ ಮೊದಲು ಒಂದು ಕೆಲಸ ಮಾಡ್ರಿ ಅಣ್ಣಾರೆ. ಟ್ರೇಲರ್ ಓಡಿಸೋ ಡ್ರೈವರ್ ಒಬ್ಬರನ್ನ ಕರ್ಕೊಂಡು ಬೈಪಾಸ್‌ನಿಂದ ಆ ಗೋಡೌನ್ ಗೇಟ್‌ವರೆಗೆ ನಡೆದು ಹೋಗ್ರಿ. ಟೇಪ್ ಇಟ್ಕೊಂಡು ತಿರುವಿನ ಅಗಲ, ತಂತಿಯ ಎತ್ತರ, ಚರಂಡಿ ಮೇಲಿನ ಚಪ್ಪಡಿ ನೋಡ್ಸ್ರಿ. ತುಂಬಿದ ಡಬ್ಬದ ಭಾರಕ್ಕೆ ಆ ಚಪ್ಪಡಿ ಮುರಿದ್ರೆ ಗಾಡಿ ಅಲ್ಲೇ ಕೂರ್ತದೆ, ಕ್ರೇನ್ ಬರೋವರೆಗೆ ಡಿಟೆನ್ಷನ್ (ಡಬ್ಬ ತಡ ಮಾಡಿದ್ದಕ್ಕೆ ಲೈನ್‌ನವರ ಬಾಡಿಗೆ) ಓಡ್ತಾ ಇರ್ತದೆ. ಚಪ್ಪಡಿ ತೆಳ್ಳಗಿದ್ರೆ ಆರ್‌ಸಿಸಿ ಹಾಕಿಸಿಕೊಡೋದು ಮಾಲೀಕರ ಖರ್ಚು ಅಂತ ಕರಾರಿನಾಗೇ ಬರೆಸ್ರಿ.